ತಿರುಪಿನ ಫೋನು

"ಮೂರು ವರ್ಷದಿಂದ ತಪ್ಪಿಸಿಕೊಂಡು ತಿರುಗುತ್ತಿದ್ದೀಯೆ, ಈ ಸಲವಾದರೂ ಏನಾದರೂ ಬರೆದುಕೊಡಯ್ಯಾ" ಎಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ ನಾನು ನಿಜವಾಗಿಯೂ ಪೇಚಿಗೆ ಸಿಕ್ಕಿದೆ. ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ಬರೆಯೋಣವೆಂದರೆ, ಪ್ರತಿ ಸಂಚಿಕೆಯಲ್ಲಿಯೂ ಯಾರಾದರೊಬ್ಬರು ಅದನ್ನು ಹತ್ತಿಯೇ ಇರುತ್ತಾರೆ. ಕೊನೆಗೆ ವಿಷಯ ಜೇಬಿನಲ್ಲಿಯೇ ಸಿಕ್ಕಿತು. ಅದೇ ನನ್ನ ಫೋನು. ಅದರ ಗುಣದೋಷಗಳನ್ನು ಪಕ್ಷಪಾತವಿಲ್ಲದೆ ಹೇಳಬೇಕೆಂದು ಹೊರಟಿದ್ದೇನೆ. ಆದರೆ ನನ್ನ ದೋಷಗಳೂ ಅದರೊಡನೆ ಬಂದರೆ ವಾಚಕರು ಮನ್ನಿಸಬೇಕು.

ಫೋನಿನ ಹೆಸರು ಸಿ.ಎಂ.ಎಫ್. ಫೋನ್ 1. 2024ರ ಜುಲೈಯಲ್ಲಿ ಮಾರುಕಟ್ಟೆಗೆ ಬಂದದ್ದು. ಲಂಡನ್ನಿನ ನಥಿಂಗ್ ಎಂಬ ಕಂಪನಿಯ ಕೂಸು. ಆಗಿನ ಬೆಲೆ 15,999 ರೂಪಾಯಿ. ಕಂಪನಿಯ ಹೆಸರಿನ ಅರ್ಥವೇನೆಂದು ನಮ್ಮಪ್ಪ ಕೇಳಿದರು. 'ಏನೂ ಇಲ್ಲ' ಎಂದರ್ಥವೆಂದೆ. "ಏನೂ ಇಲ್ದಿದ್ದಕ್ಕೆ ಹದಿನಾರು ಸಾವಿರವೇನ್ಲಾ?" ಎಂದರು. ಒಂದು ರೂಪಾಯಿ ಕಡಿಮೆ ಎಂದು ತಿದ್ದಿದೆ. ಆ ಒಂದು ರೂಪಾಯಿ ಅವರಿಗೆ ಸಮಾಧಾನ ತಂದಂತೆ ಕಾಣಲಿಲ್ಲ.

ಏಕೆಂದರೆ ಆ ಹಣ ಅಕ್ಕಿರಾಂಪುರದ ಕುರಿಸಂತೆಯಿಂದ ಬಂದದ್ದು. ಅವ್ವ ಸಾಕಿದ ಎರಡು ಟಗರುಗಳು ಹೋದವು. ಅವು ತಂಗಿಯ ಕಾಲೇಜಿನ ಖರ್ಚಿಗೆಂದು ಇಟ್ಟಿದ್ದವು. ಆ ವರ್ಷ ಕಡಲೆಕಾಯಿ ಕೈಗೆ ಹತ್ತಿರಲಿಲ್ಲ. ವಿದ್ಯಾರ್ಥಿವೇತನದ ಅರ್ಜಿಯೂ ಫೋನಿನಲ್ಲೇ, ಪಾಠದ ಟಿಪ್ಪಣಿಯೂ ಫೋನಿನಲ್ಲೇ ಆಗಿರುವ ಈ ಕಾಲದಲ್ಲಿ ಫೋನಿಲ್ಲದೆ ಬಿ.ಎ. ಆಗುವುದಿಲ್ಲವೆಂದು ನಾನು ವಾದಿಸಿದೆ. ನಮ್ಮ ಮನೆಯಲ್ಲಿ ಬಿ.ಎ. ಹೇಗೆ ಆಗುತ್ತದೆಂಬುದನ್ನು ಬಲ್ಲವರು ನನ್ನ ಹೊರತು ಯಾರೂ ಇಲ್ಲದ್ದರಿಂದ ವಾದ ಸುಲಭವಾಗಿ ಗೆದ್ದಿತು. ಇದಕ್ಕಿಂತ ಕಡಿಮೆ ಬೆಲೆಯ ಫೋನೂ ಆ ಕೆಲಸಕ್ಕೆ ಸಾಕಾಗುತ್ತಿತ್ತೆಂದು ಮಾತ್ರ ನಾನು ಹೇಳಲಿಲ್ಲ.

ಇದನ್ನೇ ಆರಿಸಿದ್ದಕ್ಕೆ ಕಾರಣ ತಿರುಪುಗಳು. ಇದರ ಬೆನ್ನನ್ನು ಸ್ಕ್ರೂ ಬಿಚ್ಚಿ ತೆಗೆದು ಬೇರೆ ಬಣ್ಣದ್ದನ್ನು ಹಾಕಬಹುದು. ಕಪ್ಪು, ನೀಲಿ, ಕಿತ್ತಳೆ, ತಿಳಿಹಸಿರು ಎಂದು ನಾಲ್ಕು ಬಣ್ಣ. ಕೆಳಮೂಲೆಯಲ್ಲಿ ಒಂದು ದುಂಡು ಗುಬುಟು. ಅದನ್ನು ತಿರುಗಿಸಿ ತೆಗೆದರೆ ಆ ಜಾಗದಲ್ಲಿ ಫೋನು ನಿಲ್ಲಿಸುವ ಕಾಲು, ಕೊರಳದಾರ, ಕಾರ್ಡು ಇಡುವ ಚೀಲ ಇವುಗಳಲ್ಲಿ ಒಂದನ್ನು ಕೂರಿಸಬಹುದು. ನಾನು ಮನೆಯಲ್ಲಿ ಇದನ್ನು ಹೇಳಿದ್ದು ಹೀಗೆ: "ಎಲ್ಲಾ ಬಿಚ್ಚಿ ಹಾಕ್ಕೋಬಹುದಪ್ಪ." ಅಪ್ಪ ಸಂತೋಷಪಟ್ಟರು. ಅವರು ತಿಳಿದ ಲೋಕವೇ ಬಿಚ್ಚಿ ಹಾಕುವ ಲೋಕ. ನೇಗಿಲಿನ ಗುಳ ಸವೆದರೆ ಗುಳ ಮಾತ್ರ ಕುಲುಮೆಗೆ ಹೋಗುತ್ತದೆ. ಮೇಳಿ ಮುರಿದರೆ ಬಡಗಿ ಮೇಳಿಯನ್ನಷ್ಟೇ ಮಾಡಿಕೊಡುತ್ತಾನೆ. ಗುಳ ಸವೆಯಿತೆಂದು ನೇಗಿಲನ್ನೇ ಎಸೆದ ಪುಣ್ಯಾತ್ಮನನ್ನು ನಮ್ಮೂರು ಕಂಡಿಲ್ಲ. ಪಾವಗಡದ ತಿರುಮಣಿಯ ಸೌರ ಉದ್ಯಾನದಲ್ಲಿ ಹಲಗೆ ತೊಳೆಯುವ ನಮ್ಮ ಭಾವನೂ ದನಿಗೂಡಿಸಿದ. ರೈತರಿಂದ ಗುತ್ತಿಗೆಗೆ ಪಡೆದ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸ್ಥಾವರ ಅದು. "ಒಂದು ಹಲಗೆ ಒಡೆದ್ರೆ ಒಂದನ್ನೇ ಬದಲಾಯಿಸ್ತಾರೆ ಮಾವ, ಇದೂ ಹಂಗೇ ಇರ್ಬೇಕು" ಎಂದ.

ಗುಣಗಳನ್ನು ಹೇಳದಿದ್ದರೆ ಅನ್ಯಾಯವಾದೀತು. ಪರದೆ ದೊಡ್ಡದು, 6.67 ಇಂಚು, ಅದರಲ್ಲಿ ಪುಸ್ತಕವನ್ನು ಕಣ್ಣು ಕಿರಿದಾಗಿಸದೆ ಓದಬಹುದು. ಬ್ಯಾಟರಿ 5,000 ಎಂ.ಎ.ಎಚ್.; ಬೆಳಿಗ್ಗೆ ಹಳ್ಳಿ ಬಿಟ್ಟು ಸಂಜೆ ಹಿಂದಿರುಗುವವರೆಗೆ ಕೈಬಿಟ್ಟದ್ದಿಲ್ಲ. ಬೇರೆ ಮೆಮೊರಿ ಕಾರ್ಡು ಹಾಕಲು ಜಾಗವುಂಟು. ಇನ್ನು ದೋಷಗಳು: ಧ್ವನಿ ಬರುವುದು ಒಂದೇ ಕಡೆಯಿಂದ, ಹಳೆಯ ಇಯರ್‌ಫೋನಿನ ತೂತಿಲ್ಲ, ಪೆಟ್ಟಿಗೆಯಲ್ಲಿ ಚಾರ್ಜರೂ ಇಲ್ಲ, ಕೇಬಲ್ ಮಾತ್ರ. ಇವೆಲ್ಲ ಕೊಳ್ಳುವ ಮೊದಲೇ ಗೊತ್ತಿದ್ದವು.

ನನ್ನ ಕೊಠಡಿಯ ಗೆಳೆಯ ಸಿರಾದವನು. ಅವನದೂ ಇದೇ ಫೋನು, ಕಪ್ಪು ಬಣ್ಣದ್ದು, ನನ್ನದು ಕಿತ್ತಳೆ. ಸಿರಾ ಬಸ್ಸಿನಲ್ಲಿ ಕುಳಿತು ಒಮ್ಮೆ ಇಬ್ಬರೂ ಬೆನ್ನು ಬದಲಿಸಿಕೊಳ್ಳುವ ಸಾಹಸ ಮಾಡಿದೆವು. ಬಸ್ಸು ಹಳ್ಳಕ್ಕೆ ಇಳಿಯಿತು, ಒಂದು ತಿರುಪು ಹಾರಿತು. ಸೀಟಿನ ಕೆಳಗೆ ಕಡಲೆಕಾಯಿ ಸಿಪ್ಪೆಯ ನಡುವೆ ಇಬ್ಬರು ಪದವಿ ವಿದ್ಯಾರ್ಥಿಗಳು ತಡಕಾಡಿದ್ದನ್ನು ನೋಡಿ ಕಂಡಕ್ಟರು ಚಿನ್ನ ಕಳೆದಿದೆಯೆಂದು ಭಾವಿಸಿದರು.

ನಿಜವಾದ ಕಷ್ಟ ಬಂದದ್ದು ಬೆಟ್ಟದಲ್ಲಿ. ಕೋಟೆಯ ಮೆಟ್ಟಿಲ ಮೇಲೆ ಪೋಟೋ ತೆಗೆಯಲು ಹೋಗಿ ಫೋನು ಕೈಜಾರಿತು. ಬೆನ್ನು ತರಚಿತು, ಪರದೆ ಮೂಲೆಯಿಂದ ಮೂಲೆಗೆ ಬಿರಿಯಿತು. ತುಮಕೂರಿನ ರಿಪೇರಿ ಅಂಗಡಿಯೊಂದರಲ್ಲಿ ಹೊಸ ಪರದೆಗೆ ಹೇಳಿದ ಬೆಲೆ ಹೆಚ್ಚುಕಡಿಮೆ ಒಂದು ಕುರಿಮರಿಯದು. ಶನಿವಾರ ಊರಿಗೆ ಹೋಗಲೇಬೇಕಾಗಿತ್ತು. ಗೆಳೆಯ ತನ್ನ ಕಪ್ಪು ಬೆನ್ನನ್ನು ಬಿಚ್ಚಿಕೊಟ್ಟ. ಮನೆಯಲ್ಲಿ ಫೋನನ್ನು ಮುಖ ಕೆಳಗಾಗಿ ಇಟ್ಟೆ. ಬೆನ್ನು ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ಊಟಕ್ಕೆ ಕುಳಿತಾಗ ಅಪ್ಪ ಅದನ್ನೇ ನೋಡುತ್ತಿದ್ದರು.

"ಕೆಂಪಗಿತ್ತಲ್ಲ ಮಗಾ, ಕರ್ರಗಾಗೈತೆ?"

ನಾನು ಮುದ್ದೆ ನುಂಗಿದೆ. ಅವರು ಎಡಗೈಯಲ್ಲಿ ಫೋನನ್ನು ಮಗುಚಿ ಹಾಕಿದರು. ಬಿರುಕಿನ ಮೇಲೆ ಹೆಬ್ಬೆರಳಾಡಿಸಿದರು. ಬೈಯುವರೆಂದು ಕಾದೆ. ಬೈಯಲಿಲ್ಲ.

"ಇದನ್ನ ಬಿಚ್ಚಿ ಬೇರೇದು ಹಾಕೋಕೆ ಬರಲ್ವಾ?"

"ನಮ್ಮ ಕೈಲಿ ಆಗಲ್ಲಪ್ಪ."

"ಬ್ಯಾಟ್ರಿ?"

"ಅದೂ ಬರಲ್ಲ."

"ಮತ್ತೆ ಇಸ್ಕ್ರೂ ಯಾತಕ್ಕೆ ಮಡಗವ್ರೆ?"

ನಾನು ಓದಿದ ಯಾವ ವಿಮರ್ಶೆಯೂ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ಆಮೇಲೆ ಹುಡುಕಿ ಓದಿದೆ. 2013ರಲ್ಲಿ ಡೇವ್ ಹಾಕೆನ್ಸ್ ಎಂಬ ಡಚ್ ತರುಣ ಇಟ್ಟಿಗೆಯಂತೆ ಜೋಡಿಸುವ ಫೋನಿನ ಕಲ್ಪನೆಯನ್ನು ಲೋಕದ ಮುಂದಿಟ್ಟನು. ಅದೇ ದಾರಿಯಲ್ಲಿ ಹೊರಟ ಗೂಗಲ್‌ನ 'ಆರಾ' ಯೋಜನೆ 2016ರಲ್ಲಿ ನಿಂತುಹೋಯಿತು. ಅದೇ ವರ್ಷ ಬ್ಯಾಟರಿಯನ್ನು ಕೆಳಗಿನಿಂದ ಎಳೆದು ತೆಗೆಯುವ ಜಿ5 ಫೋನು ತಂದ ಎಲ್.ಜಿ. ಕಂಪನಿ 2021ರಲ್ಲಿ ಫೋನಿನ ವ್ಯಾಪಾರವನ್ನೇ ಬಿಟ್ಟಿತು. ಪರದೆ, ಬ್ಯಾಟರಿ, ಕ್ಯಾಮರಾಗಳನ್ನು ಮನೆಯಲ್ಲಿಯೇ ಬದಲಿಸಬಹುದಾದ ಫೇರ್‌ಫೋನ್ ಎಂಬುದೊಂದು ಆಮ್‌ಸ್ಟರ್‌ಡ್ಯಾಮಿನದು. ಮಧುಗಿರಿಯ ಅಂಗಡಿಗಳಲ್ಲಿ ಅದರ ಹೆಸರು ಕೇಳಿದವರಿಲ್ಲ. ರಿಪೇರಿ ಮಾಡಿಸಿಕೊಳ್ಳುವುದು ಗ್ರಾಹಕನ ಹಕ್ಕೆಂದು ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಬಿಚ್ಚುವ ಫೋನೆಂದು ನಾನು ಕೊಂಡದ್ದು ಅಂಗಿ ಬದಲಿಸುವ ಫೋನು. ಅಂಗಿಗೆ ತಿರುಪುಂಟು, ಮೈಗೆ ಅಂಟು.

ತಮಾಷೆಯೆಂದರೆ ಅಪ್ಪನ ಸೊಂಟದಲ್ಲಿದ್ದ ಕೀಪ್ಯಾಡು ಫೋನು ನನ್ನದಕ್ಕಿಂತ ಹೆಚ್ಚು ಬಿಚ್ಚುತ್ತದೆ. ಅದು ಒಮ್ಮೆ ದನದ ತೊಟ್ಟಿಗೆ ಬಿದ್ದಾಗ ಉಗುರಿನಿಂದ ಬೆನ್ನು ತೆಗೆದು, ಬ್ಯಾಟರಿ ಕಳಚಿ, ಹುಣಸೆಹಣ್ಣಿನೊಡನೆ ಮಾಳಿಗೆಯ ಮೇಲೆ ಒಣಗಹಾಕಿದ್ದರು. ಮೂರನೆಯ ದಿನ ಮಾತಾಡಿತು.

ಅಪ್ಪ ಇನ್ನೊಂದು ಮರಿ ಮಾರುವ ಮಾತೆತ್ತಿದರು. ಬೇಡವೆಂದೆ, ಈ ಸಲ ನಿಜವಾಗಿ. ತಂಗಿ ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಳೆ, ಶನಿವಾರ ಭಾನುವಾರ ಅದೇ ಬಿರುಕಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದುತ್ತಾಳೆ. "ಅಕ್ಷರ ಕಾಣ್ತದೆ ಬಿಡಣ್ಣ" ಎನ್ನುತ್ತಾಳೆ. ಟಗರುಗಳ ಮಾತನ್ನು ಅವಳು ಒಮ್ಮೆಯೂ ಎತ್ತಿಲ್ಲ.

ಗೆಳೆಯನ ಕಪ್ಪು ಬೆನ್ನನ್ನು ಸೋಮವಾರವೇ ಹಿಂದಿರುಗಿಸಿದೆ. ತರಚಿದ ಕಿತ್ತಳೆಯೇ ಈಗ ಫೋನಿನ ಮೇಲಿದೆ. ಬಸ್ಸಿನಲ್ಲಿ ಕಳೆದ ತಿರುಪಿಗೆ ಪೇಟೆಯ ಗಡಿಯಾರ ರಿಪೇರಿಯವರು ಹತ್ತು ರೂಪಾಯಿಗೆ ಒಂದನ್ನು ಹುಡುಕಿಕೊಟ್ಟರು. ಅದು ಕೂದಲೆಳೆಯಷ್ಟು ಉದ್ದ. ಅಂಗಿಯ ಜೇಬಿಗೆ ಆಗಾಗ ಸಿಕ್ಕಿಕೊಳ್ಳುತ್ತದೆ.