ಅಳಿಸಬೇಡ ಕಣವ್ವ

ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀನಿ. ನಿನ್ನೆ ತ್ರಿಭುಜದ ಪಾಠ ಇತ್ತು. ಬೋರ್ಡಿನ ಮೇಲೆ ಒಂದು ತ್ರಿಭುಜ ಬರೆದು, ತಳದ ಗೆರೆಯನ್ನು ಬಲಕ್ಕೆ ಇನ್ನಷ್ಟು ಎಳೆದೆ. ಹೊರಗಿನ ಕೋನ 120 ಡಿಗ್ರಿ. ತಳದ ಎಡ ಮೂಲೆ 50. ನೆತ್ತಿಯ ಕೋನ ಎಕ್ಸ್. ಎಕ್ಸ್ ಎಷ್ಟು?

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬೇಗ ಬೇಗ ಬರೆದಳು. ಆಮೇಲೆ ಪಕ್ಕದವನ ಗೈಡ್ ನೋಡಿ, ಬರೆದದ್ದನ್ನೆಲ್ಲ ರಬ್ಬರಿನಲ್ಲಿ ಉಜ್ಜೋಕೆ ಶುರು ಮಾಡಿದಳು.

"ಯಾಕವ್ವ ಅಳಿಸ್ತಿದ್ದೀಯ?"

"ಗೈಡಲ್ಲಿ ಹಿಂಗಿಲ್ಲ ಅಣ್ಣ. ನಂದೇ ತಪ್ಪಿರಬೇಕು."

ಗೈಡಿನಲ್ಲಿ ಇದ್ದದ್ದು ಒಂದೇ ಸಾಲು. ಬಾಹ್ಯಕೋನವು ಅಂತರಾಭಿಮುಖ ಕೋನಗಳ ಮೊತ್ತಕ್ಕೆ ಸಮ, ಆದ್ದರಿಂದ 120ರಲ್ಲಿ 50 ಕಳೆದರೆ 70. ಇವಳಿಗೆ ಆ ಪ್ರಮೇಯ ನೆನಪಿರಲಿಲ್ಲ. ನೇರ ಗೆರೆ ಅಂದ್ರೆ 180, ಅದರಲ್ಲಿ 120 ಹೋದ್ರೆ ಒಳಗಡೆ 60. ಮೂರು ಕೋನವೂ ಸೇರಿ 180, ಅದರಲ್ಲಿ 60 ಮತ್ತು 50 ತೆಗೆದ್ರೆ 70. ಹೆಜ್ಜೆ ಒಂದು ಜಾಸ್ತಿ, ಅಷ್ಟೆ. ಪ್ರಮೇಯ ಮರೆತ ಹುಡುಗಿ ಅದು ಹುಟ್ಟುವ ಜಾಗಕ್ಕೇ ಹೋಗಿ ಬಂದಿದ್ದಳು!

ನನಗೆ ನನ್ನ ಕ್ಲಾಸು ನೆನಪಾಯ್ತು. ಇಂಥದ್ದೇ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮಾಡಿ ತೋರಿಸಿದ್ದೆ. ಮೇಷ್ಟ್ರು ನೋಟ್‌ಬುಕ್ ಮುಟ್ಟಲಿಲ್ಲ. ನಿಂತಲ್ಲಿಂದಲೇ "ಯಾರದ್ದು ನೋಡಿ ಬರೆದೆಯೋ?" ಅಂದ್ರು. ಕ್ಲಾಸೆಲ್ಲ ನಕ್ಕಿತು. ಉತ್ತರ ಸರಿ ಇತ್ತು. ಆ ಸ್ಕೂಲು ಬಿಡೋವರೆಗೂ ನಾನು ಮತ್ತೆ ಕೈ ಎತ್ತಲಿಲ್ಲ.

ಬಾಬಾಸಾಹೇಬರನ್ನು ಬಾಂಬೆಯ ಹೈಸ್ಕೂಲಿನಲ್ಲಿ ಲೆಕ್ಕ ಬಿಡಿಸೋಕೆ ಬೋರ್ಡಿಗೆ ಕರೆದಾಗ, ಸವರ್ಣ ಹುಡುಗರು ಓಡಿಹೋಗಿ ಬೋರ್ಡಿನ ಹಿಂದಿದ್ದ ತಮ್ಮ ಊಟದ ಡಬ್ಬಿಗಳನ್ನು ಆಚೆ ಸರಿಸಿದ್ದನ್ನು ಧನಂಜಯ ಕೀರ್ ಬರೆದಿದ್ದಾರೆ. ಅವರು 1907ರಲ್ಲಿ ಅದೇ ಸ್ಕೂಲಿನಿಂದ ಮೆಟ್ರಿಕ್ ಪಾಸಾದರು. ಆದರೆ ಬೋರ್ಡಿನವರೆಗೂ ಹೋಗಲಾಗದೆ ಹಿಂದಕ್ಕೇ ಉಳಿದುಹೋದ ಮಕ್ಕಳ ಲೆಕ್ಕ ಯಾರ ಹತ್ತಿರ ಇದೆ?

ನಿನ್ನೆ ಎಲ್ಲರಿಗೂ ಹಳೇ ಪೇಪರ್ ಕೊಟ್ಟೆ. ಇಷ್ಟಬಂದ ತ್ರಿಭುಜ ಕತ್ತರಿಸಿ, ಮೂರೂ ಮೂಲೆ ಹರಿದು, ತುದಿಗಳು ಒಂದೇ ಕಡೆ ಕೂಡೋ ಹಾಗೆ ಪಕ್ಕಪಕ್ಕ ಇಡಿ ಅಂದೆ. ಉದ್ದದ್ದು, ಗಿಡ್ಡದ್ದು, ಸೊಟ್ಟದ್ದು, ಎಲ್ಲರದ್ದೂ ನೇರ ಗೆರೆಗೇ ಬಂದು ಕೂತವು. ಇದು ಕಣ್ಣಿಗೆ ಕಂಡದ್ದು. ಸಾಧಿಸಬೇಕಾದ್ರೆ ನೆತ್ತಿಯಲ್ಲಿ ತಳಕ್ಕೆ ಒಂದು ಸಮಾಂತರ ಗೆರೆ ಎಳೀರಿ. ಪರ್ಯಾಯ ಕೋನಗಳು ಸಮ ಅಂತ ಗೊತ್ತಿದ್ರೆ ಮಿಕ್ಕಿದ್ದು ತಾನೇ ಬರುತ್ತೆ.

ಆ ಹುಡುಗಿಗೆ ಹೇಳಿದೆ: ಪ್ರತಿ ಹೆಜ್ಜೆ ಪಕ್ಕ ಕಾರಣ ಬರಿ. ಕಾರಣ ಸರಿ ಇದ್ರೆ ಗೈಡ್ ಒಪ್ಪಬೇಕಿಲ್ಲ, ಮೇಷ್ಟ್ರು ನಂಬಬೇಕಿಲ್ಲ, ನಾನೂ ಹೂಂ ಅನ್ನಬೇಕಿಲ್ಲ. ನಮಗೆ 'ಯಾಕೆ' ಅಂತ ಕೇಳೋದನ್ನೇ ಮರೆಸಿದ್ದಾರೆ. ಈ ಪಾಠದಲ್ಲಿ ಕೇಳಿದ್ರೆ ಮಾರ್ಕ್ಸ್ ಕೊಡ್ತಾರೆ.

ಅವಳು ಅಳಿಸಿದ್ದನ್ನು ಮತ್ತೆ ಬರೆದಳು. ಈ ಸಲ ಪೆನ್ನಲ್ಲಿ.

ಗೆಳೆಯರೇ, ಭಾಷಣ, ಜಯಂತಿ ಎಲ್ಲ ಇರಲಿ. ವಾರಕ್ಕೊಂದು ಸಂಜೆ ನಿಮ್ಮ ಕೇರಿಯ ಭವನದ ಬೀಗ ತೆಗೀರಿ. ಒಂದು ಬೋರ್ಡು, ನಾಲ್ಕು ಚಾಕ್‌ಪೀಸ್ ಸಾಕು.

ಜೈ ಭೀಮ್.