ಮೂರು ಕೋಣೆಯ ಕಟ್ಟಡ

ಬಾರಕೂರಿನ ಕೇರಿಗಳ ಕುರಿತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಒಂದು ಮಧ್ಯಾಹ್ನ ಬೆಂಗಳೂರಿನಿಂದ ತಮ್ಮನ ಕರೆ ಬಂತು. ಪುತ್ತೂರಿನ ಕೋರ್ಟ್ ರಸ್ತೆಯಿಂದ ಕವಲೊಡೆಯುವ ಓಣಿಯೊಂದರಲ್ಲಿ ನಮ್ಮ ತೀರ್ಥರೂಪರು ಬಿಟ್ಟುಹೋದ ಮೂರು ಕೋಣೆಯ ಹಂಚಿನ ಕಟ್ಟಡವಿದೆ. ಅದನ್ನು ಕೊಳ್ಳಲು ಗಿರಾಕಿಯೊಬ್ಬರು ಬಂದಿದ್ದಾರೆಂದೂ, ಹಳೆಯದನ್ನು ಕೆಡವಿ ನಾಲ್ಕು ಅಂತಸ್ತಿನ ವಾಣಿಜ್ಯ ಸಂಕೀರ್ಣ ಕಟ್ಟುವ ಯೋಚನೆ ಅವರದೆಂದೂ ತಮ್ಮ ತಿಳಿಸಿದ. "ಬೆಲೆ ಚೆನ್ನಾಗಿದೆ ಅಣ್ಣ. ಬಾಡಿಗೆಯವರಿಗೆ ಏನಾದರೂ ಕೊಟ್ಟು ಎಬ್ಬಿಸೋಣ. ನೀನು ಒಪ್ಪಿದರೆ ಸಾಕು" ಎಂದ. ನಾನು ಆಗ ಉತ್ತರಿಸಲಿಲ್ಲ. ಎದುರಿಗಿದ್ದ ಹಾಳೆಯಲ್ಲಿ ಚೌಳಿಕೇರಿ, ಮಣಿಗಾರಕೇರಿ, ಮೂಡುಕೇರಿ, ಕೋಟೆಕೇರಿ ಎಂಬ ಹೆಸರುಗಳಿದ್ದವು. ಒಂದು ಕಾಲದ ರಾಜಧಾನಿಯಲ್ಲಿ ಇಂದು ಉಳಿದಿರುವುದು ಒಂದಿಷ್ಟು ಗುಡಿಗಳು, ಬಸದಿಯ ಅವಶೇಷಗಳು ಮತ್ತು ಈ ಹೆಸರುಗಳು.

ನಮ್ಮ ಕಟ್ಟಡದ ಮೊದಲ ಕೋಣೆಯಲ್ಲಿ ಪುಸ್ತಕ ಹೊಲಿದು ರಟ್ಟು ಕಟ್ಟುವವರೊಬ್ಬರಿದ್ದಾರೆ. ನಡುವಿನದು ದರ್ಜಿಯೊಬ್ಬರದಾಗಿತ್ತು, ಕಣ್ಣು ಮಂಜಾದ ಮೇಲೆ ಅವರು ಮನೆ ಸೇರಿದರು. ಕೊನೆಯ ಕೋಣೆಯಲ್ಲಿ ಚೆಂಡೆ ಮದ್ದಳೆಗಳನ್ನು ದುರಸ್ತಿ ಮಾಡುವವರಿದ್ದಾರೆ. ಈ ಕೊನೆಯ ಕೋಣೆಯನ್ನು ಬಾಡಿಗೆಗೆ ಕೊಡುವಾಗ ಮನೆಯಲ್ಲಿ ಸಣ್ಣದೊಂದು ವಾಗ್ವಾದ ನಡೆದದ್ದು ನನಗೆ ನೆನಪಿದೆ. ಚರ್ಮದ ಕೆಲಸಕ್ಕೆ ಜೈನರು ಜಾಗ ಕೊಡುವುದೇ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ತಂದೆಯವರು ತುಸು ಹೊತ್ತು ಸುಮ್ಮನಿದ್ದು, "ಬಸದಿಯ ಉತ್ಸವಕ್ಕೆ ಚೆಂಡೆ ಬೇಕು. ಅದನ್ನು ಬಿಗಿಯುವವನಿಗೆ ಜಾಗ ಬೇಡವೇ?" ಎಂದಷ್ಟೇ ಕೇಳಿದರು. ಆಕ್ಷೇಪ ಅಲ್ಲಿಗೆ ಮುಗಿಯಿತೆಂದು ಹೇಳಲಾರೆ. ಮಾತು ಮಾತ್ರ ಅಲ್ಲಿಗೆ ನಿಂತಿತು.

ತಮ್ಮನಿಗೆ ಉತ್ತರ ಕೊಡುವ ಮುನ್ನ ಒಮ್ಮೆ ಕಟ್ಟಡವನ್ನು ಕಣ್ಣಾರೆ ನೋಡಬೇಕೆನಿಸಿ ಸೋಮವಾರ ಪುತ್ತೂರಿಗೆ ಹೋದೆ. ಸೋಮವಾರ ಕಿಲ್ಲೆ ಮೈದಾನದಲ್ಲಿ ಸಂತೆ. ಹಳ್ಳಿಗಳಿಂದ ಬಂದವರು ತರಕಾರಿ, ಒಣಮೀನು, ಮಣ್ಣಿನ ಮಡಕೆ, ಬುಟ್ಟಿ, ಹಗ್ಗಗಳ ನಡುವೆ ಓಡಾಡುತ್ತಿದ್ದರು. ಮಾಡಿನ ಪಕ್ಕಾಸುಗಳು ಗೆದ್ದಲು ಹಿಡಿದಿದ್ದವು. ಹಂಚುಗಳ ಮೇಲೆ ಪಾಚಿ ಬೆಳೆದಿತ್ತು. ರಟ್ಟು ಕಟ್ಟುವವರು ನನ್ನನ್ನು ಕಂಡು ಎದ್ದು ನಿಂತು, "ಮಾಸ್ಟ್ರೇ, ಮಾರುತ್ತೀರಂತೆ ಹೌದಾ?" ಎಂದು ನೇರವಾಗಿ ಕೇಳಿದರು. ಸುದ್ದಿ ನನಗಿಂತ ಮೊದಲೇ ತಲುಪಿತ್ತು. "ಇನ್ನೂ ತೀರ್ಮಾನ ಆಗಿಲ್ಲ" ಎಂದೆ. ಅವರು ಮತ್ತೆ ಕುಳಿತು ಸೂಜಿಗೆ ದಾರ ಪೋಣಿಸತೊಡಗಿದರು. ಅವರ ಮುಂದಿದ್ದುದು ಭಜನಾ ಮಂಡಳಿಯೊಂದರ ಕೈಬರಹದ ಪುಸ್ತಕ, ವಕೀಲರೊಬ್ಬರ ಕಡತ ಮತ್ತು ಪುಟ ಕಳಚಿದ ಯಕ್ಷಗಾನ ಪ್ರಸಂಗಗಳ ಒಂದು ಕಟ್ಟು. ನ್ಯಾಯಾಲಯ, ಗುಡಿ, ಆಟ: ಪುತ್ತೂರಿನ ಮೂರು ಮುಖಗಳು ಒಂದೇ ಮಣೆಯ ಮೇಲಿದ್ದವು.

ಈ ಊರಿನ ಚರಿತ್ರೆಯಲ್ಲಿ ದುಡ್ಡಿನ ಪ್ರಶ್ನೆಯೂ ಕಲೆಯ ಪ್ರಶ್ನೆಯೂ ಬೇರೆ ಬೇರೆಯಾಗಿ ಬೆಳೆದವಲ್ಲ. 1834ರಲ್ಲಿ ಕೊಡಗಿನ ಅರಸೊತ್ತಿಗೆ ಕೊನೆಗೊಂಡಾಗ ಪುತ್ತೂರು ಮತ್ತು ಅಮರ ಸುಳ್ಯದ ಮಾಗಣೆಗಳು ಕಂಪೆನಿಯ ಕೆನರಾ ಜಿಲ್ಲೆಗೆ ಸೇರಿದವು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತನು ಇನ್ನು ನಗದಾಗಿಯೇ ಕೊಡಬೇಕಾಯಿತು. ಭತ್ತ ಕೈಗೆ ಬರುವ ಕಾಲಕ್ಕೂ ಸರಕಾರ ಹಣ ಕೇಳುವ ಕಾಲಕ್ಕೂ ಹೊಂದಿಕೆಯಿರಲಿಲ್ಲ. ನಡುವಿನ ಅಂತರದಲ್ಲಿ ಸಾಲ ಕೊಡುವವನು ಬಂದು ಕುಳಿತನು. 1837ರಲ್ಲಿ ಅಮರ ಸುಳ್ಯದ ರೈತರು ದಂಡೆದ್ದು ಮಂಗಳೂರಿನವರೆಗೆ ನಡೆದುದಕ್ಕೆ ಈ ಸಂಕಟವೂ ಒಂದು ಕಾರಣ. ಕೆದಂಬಾಡಿ ರಾಮಯ್ಯ ಗೌಡರೊಡನೆ ನಂದಾವರದ ಜೈನ ಅರಸು ಲಕ್ಷ್ಮಪ್ಪ ಬಂಗರಸನ ಹೆಸರೂ ಆ ಕಥನದಲ್ಲಿ ಸೇರಿದೆ. ದಂಗೆ ಅಡಗಿತು, ಬಂಗರಸನನ್ನು ಗಲ್ಲಿಗೇರಿಸಿದರು. ಕಾಲಕ್ಕೆ ಸರಿಯಾಗಿ ಕೈಯಲ್ಲಿ ನಗದಿಲ್ಲದವನ ಕಷ್ಟ ಮಾತ್ರ ಅಡಗಲಿಲ್ಲ.

ಆ ಕಷ್ಟಕ್ಕೆ ಕತ್ತಿಯಿಲ್ಲದೆ ಉತ್ತರ ಹುಡುಕಿದವರು ಪುತ್ತೂರಿನ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು. 1909ರಲ್ಲಿ ಅವರು ಈ ಊರಿನಲ್ಲಿ ಸಹಕಾರಿ ಸಂಘದ ಬೀಜ ಬಿತ್ತಿದರು. ಇಂದು ಮಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದೂ ಪುತ್ತೂರಿನಲ್ಲಿಯೇ. ಊರವರ ಉಳಿತಾಯ ಊರವರಿಗೇ ಸಾಲವಾಗಿ ದೊರೆಯಬೇಕು, ಮರುಪಾವತಿ ಬೆಳೆಯ ಕಾಲವನ್ನು ನೋಡಿ ನಡೆಯಬೇಕು ಎಂಬುದು ಈ ವ್ಯವಸ್ಥೆಯ ತಿರುಳು. ಅದೇ ವಿವೇಕ ಮುಂದೆ ಅಡಿಕೆಯ ಕಾಲದಲ್ಲಿ ಮತ್ತೆ ಕೆಲಸ ಮಾಡಿತು. ಅಡಿಕೆಯ ಧಾರಣೆ ಕುಸಿದು ಕೃಷಿಕರು ಕಂಗಾಲಾಗಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಕೊಕ್ಕೋವನ್ನು ಕೊಳ್ಳುವವರಿಲ್ಲದೆ ಹೋದಾಗ ಅದೇ ಸಂಸ್ಥೆ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು.

ಇದೇ ಶಿವರಾಯರ ಬೆಂಬಲ ಶಿವರಾಮ ಕಾರಂತರಿಗೂ ದೊರಕಿತ್ತು ಎಂಬುದನ್ನು ಮರೆಯಬಾರದು. ಕೋಟದಲ್ಲಿ ಹುಟ್ಟಿದ ಕಾರಂತರು ತಮ್ಮ ಬಾಳಿನ ಸುಮಾರು ನಾಲ್ಕು ದಶಕಗಳನ್ನು ಪುತ್ತೂರಿನಲ್ಲಿ ಕಳೆದರು. ನೆಲ್ಲಿಕಟ್ಟೆಯ ಶಾಲೆಯಲ್ಲಿ ದಸರಾ ನಾಡಹಬ್ಬ ನಡೆಸಿದರು, ಪರ್ಲಡ್ಕದ ಗುಡ್ಡದಲ್ಲಿ ಬಾಲವನ ಕಟ್ಟಿದರು, ಮಕ್ಕಳಿಗೆ ಕುಣಿತ ಕಲಿಸಿದರು, ತಮ್ಮ ಪುಸ್ತಕಗಳನ್ನು ಹರ್ಷ ಮುದ್ರಣಾಲಯದಲ್ಲಿ ತಾವೇ ಅಚ್ಚು ಹಾಕಿಸಿದರು. ಅವರನ್ನು ನಾವು ಕಾದಂಬರಿಕಾರರೆಂದು ನೆನೆಯುತ್ತೇವೆ. ಆದರೆ ಒಂದು ಮುದ್ರಣಾಲಯವೆಂದರೆ ಮೊಳೆ ಜೋಡಿಸುವವನು, ಹಾಳೆ ಮಡಚುವವನು, ರಟ್ಟು ಕಟ್ಟುವವನು, ಕಟ್ಟು ಹೊರುವವನು. ಒಂದು ನಾಡಹಬ್ಬವೆಂದರೆ ಚಪ್ಪರ ಹಾಕುವವನು, ವೇಷದ ಬಟ್ಟೆ ಹೊಲಿಯುವವನು, ರಾತ್ರಿ ಚಹಾ ಕಾಯಿಸುವವನು. ಹಿರಿಯ ಕಲಾವಿದನ ಸುತ್ತ ಇಂತಹ ಹತ್ತಾರು ಕಸುಬುಗಳು ಅನ್ನ ಕಂಡುಕೊಳ್ಳುತ್ತವೆ. ಅವು ಇಲ್ಲದೆ ಅವನ ಕಲೆಯೂ ಮನೆಯ ಹೊಸ್ತಿಲು ದಾಟುವುದಿಲ್ಲ.

ಪೂರ್ವದ ನಗರಗಳಿಗೂ ಇದು ತಿಳಿದಿತ್ತು. ತುಳುನಾಡಿನ ಶಾಸನಗಳಲ್ಲಿ 'ಹಲರು', 'ನಖರ', 'ಹಂಜಮಾನ' ಎಂಬ ವರ್ತಕ ಸಮೂಹಗಳ ಉಲ್ಲೇಖಗಳು ಬರುತ್ತವೆ. 1430ರಲ್ಲಿ ಮೂಡಬಿದಿರೆಯಲ್ಲಿ ತ್ರಿಭುವನತಿಲಕ ಚೂಡಾಮಣಿ ಬಸದಿ ನಿರ್ಮಾಣವಾದಾಗ ಸೆಟ್ಟಿಗಳ ಧನವೂ ಅದರಲ್ಲಿ ಸೇರಿತ್ತು. ಸಾವಿರ ಕಂಬಗಳನ್ನು ಕಂಡು ಬೆರಗಾಗುವ ನಾವು, ಅವುಗಳನ್ನು ಕೆತ್ತಿದ ಕೈಗಳಿಗೆ ವರ್ಷಗಟ್ಟಲೆ ಅನ್ನವಿತ್ತ ಪೇಟೆಯನ್ನು ಎಣಿಕೆಗೆ ತರುವುದಿಲ್ಲ. ಹಾಗೆಂದು ಆ ಕೇರಿಗಳನ್ನು ಸ್ವರ್ಗವೆಂದು ಬಣ್ಣಿಸುವ ಮನಸ್ಸೂ ನನಗಿಲ್ಲ. ಯಾರು ಎಲ್ಲಿ ವಾಸಿಸಬೇಕು, ಯಾರು ಯಾವ ಕಸುಬು ಹಿಡಿಯಬೇಕು ಎಂಬ ಕಟ್ಟಳೆಯೂ ಕೇರಿ ಎಂಬ ಮಾತಿನೊಳಗೇ ಇದೆ. ನಮ್ಮ ಮೂರನೆಯ ಕೋಣೆಯ ವಾಗ್ವಾದ ಆ ಕಟ್ಟಳೆಯ ಒಂದು ಕೊನೆಯ ಎಳೆಯಾಗಿತ್ತೆಂದು ಈಗ ನನಗೆ ಅನ್ನಿಸುತ್ತದೆ.

ಅದೇ ವಾರ ಸುಳ್ಯಕ್ಕೂ ಹೋಗಿ ಬಂದೆ. ಅಲ್ಲಿನ ಹಳೆಗೇಟಿನಲ್ಲಿ ಜೀವನ್ ರಾಂ ಸುಳ್ಯ ಅವರು ಕಟ್ಟಿರುವ ರಂಗಮನೆಯಿದೆ. ಹೆಸರೇ ಹೇಳುವಂತೆ ಅದು ವಾಸದ ಮನೆಯೂ ಹೌದು, ರಂಗಮಂದಿರವೂ ಹೌದು. ಯಕ್ಷಗಾನ ಕಲಾವಿದ ಸುಜನಾ ಸುಳ್ಯ ಅವರ ಮಗನಾದ ಅವರು ಮಹಾನಗರಕ್ಕೆ ಹೋಗಿ ನೆಲೆಸದೆ, ಪಯಸ್ವಿನಿಯ ದಡದ ಸಣ್ಣ ಪಟ್ಟಣದಲ್ಲಿಯೇ ನಾಟಕಕ್ಕೆ ಸೂರು ಹಾಕಿದರು. ಮರಳುವಾಗ ಕಡಬದ ದಾರಿ ಹಿಡಿದೆ. ಇತ್ತೀಚಿನ ವರ್ಷಗಳಲ್ಲಿ ತಾಲೂಕು ಕೇಂದ್ರವಾದ ಕಡಬದಲ್ಲಿ ಹೊಸ ಕಟ್ಟಡಗಳು ಏಳುತ್ತಿವೆ. ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರ ವಾಹನಗಳು ಪೇಟೆಯ ನಡುವೆಯೇ ಸಾಗುತ್ತವೆ, ಹೆಚ್ಚಿನವು ನಿಲ್ಲುವುದಿಲ್ಲ. ನಿಲ್ಲಲು ಅಲ್ಲಿಯದೇ ಆದ ಒಂದು ಕಾರಣ ಬೇಕಲ್ಲ? ಎಲ್ಲ ಊರುಗಳಲ್ಲೂ ದೊರೆಯುವ ವಸ್ತುವಿಗಾಗಿ ಯಾರೂ ದಾರಿಯಲ್ಲಿ ಇಳಿಯುವುದಿಲ್ಲ.

ಮನೆಗೆ ಬಂದು ತಮ್ಮನೊಡನೆ ಸುದೀರ್ಘವಾಗಿ ಮಾತಾಡಿದೆ. ಅವನ ವಾದವನ್ನು ಹಗುರವಾಗಿ ಕಾಣುವಂತಿರಲಿಲ್ಲ. "ನಿನಗೆ ಚರಿತ್ರೆ, ನನಗೆ ಮಗಳ ಓದಿನ ಖರ್ಚು. ಪಾಲು ನನ್ನದೂ ಉಂಟಲ್ಲ ಅಣ್ಣ" ಎಂದ. ರಟ್ಟು ಕಟ್ಟುವವರ ಮಗ ದುಬೈಯಲ್ಲಿದ್ದಾನೆ, ಇವರ ನಂತರ ಆ ಸೂಜಿ ಹಿಡಿಯುವವರಾರು ಎಂದೂ ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಹೇಳಿದ್ದು ಇಷ್ಟೇ: ಹೊಸ ಸಂಕೀರ್ಣದಲ್ಲಿ ಕೇಳುವ ಮುಂಗಡ ಹಣವನ್ನು ಇವರಾರೂ ಕೊಡಲಾರರು. ಕೊಡಬಲ್ಲವರು ಹೊರಗಿನ ದೊಡ್ಡ ಮಳಿಗೆಗಳವರು. ಅವರ ಲಾಭ ಸಂಜೆಯಾಗುತ್ತಲೇ ಊರು ಬಿಡುತ್ತದೆ. ಮದ್ದಳೆ ದುರಸ್ತಿಗೆ ಬಂದವನು ಪಕ್ಕದ ಹೋಟೆಲಿನಲ್ಲಿ ಉಣ್ಣುತ್ತಾನೆ, ಪ್ರಸಂಗದ ಪುಸ್ತಕ ಹೊಲಿಸುತ್ತಾನೆ, ಸಂತೆಯಲ್ಲಿ ಬಾಳೆಗೊನೆ ಕೊಳ್ಳುತ್ತಾನೆ. ಒಂದು ಕೋಣೆ ಮುಚ್ಚಿದರೆ ಓಣಿಯಲ್ಲಿ ನಡೆಯುವ ಕಾಲುಗಳೇ ಕಡಿಮೆಯಾಗುತ್ತವೆ.

ಮದ್ದಳೆಯವರ ಬಾಡಿಗೆ ಬಾಕಿಯ ವಿಷಯವೂ ಆ ದಿನ ಬಂತು. ವರ್ಷಕ್ಕೆ ನಾಲ್ಕೈದು ತಿಂಗಳು ಅವರು ಬಾಡಿಗೆ ತಡಮಾಡುತ್ತಾರೆಂಬುದು ತಮ್ಮನ ಹಳೆಯ ದೂರು. ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಬಾಕಿ ಬೀಳುತ್ತಿದ್ದುದು ಪ್ರತಿ ವರ್ಷವೂ ಮಳೆಗಾಲದಲ್ಲಿ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿ ಸಮೀಪಿಸಿ ತಿರುಗಾಟದ ಸಿದ್ಧತೆ ಆರಂಭವಾದಾಗ ಮುಚ್ಚಿಗೆ ಬಿಗಿಸಲು, ಕರ್ಣ ಹಾಕಿಸಲು ವಾದ್ಯಗಳು ಸಾಲುಗಟ್ಟಿ ಬರುತ್ತವೆ. ಅವರ ಬೆಳೆ ಅದು. 1834ರ ರೈತನಿಗೆ ಕಂಪೆನಿ ಮಾಡಿದ್ದನ್ನೇ ನಾವು ಈ ಕಸುಬುದಾರನಿಗೆ ತಿಂಗಳು ತಿಂಗಳೂ ಮಾಡುತ್ತಿದ್ದೆವು. ಇಷ್ಟು ವರ್ಷ ಆ ದಂಗೆಯ ಬಗ್ಗೆ ಪಾಠ ಹೇಳಿದ ನನಗೆ ಇದು ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು.

ಕೊನೆಗೆ ನಾವು ಒಂದು ಒಪ್ಪಂದಕ್ಕೆ ಬಂದೆವು. ಮೂರು ವರ್ಷ ಕಟ್ಟಡವನ್ನು ಮಾರುವುದಿಲ್ಲ. ಮಾಡಿನ ದುರಸ್ತಿಗೆ ಸಹಕಾರಿ ಸಂಘದಲ್ಲಿ ನನ್ನ ಹೆಸರಿನಲ್ಲಿ ಸಾಲ. ತಮ್ಮನ ಮಗಳ ಓದಿಗೆ ನನ್ನ ನಿವೃತ್ತಿಯ ಹಣದಿಂದ ಒಂದು ಪಾಲು. ಮುಂದೆ ಮಾರಿದರೆ ಅದನ್ನು ವಜಾ ಮಾಡಿಕೊಳ್ಳುವುದು. ಬಾಡಿಗೆ 1,500 ರೂಪಾಯಿಯಿಂದ 2,500ಕ್ಕೆ ಏರಿಕೆ. ಇದನ್ನು ಬಾಡಿಗೆದಾರರೇ ಕುಳಿತು ಒಪ್ಪಿದರು. ಮದ್ದಳೆಯವರದು ಮಾತ್ರ ವರ್ಷಕ್ಕೆ ಎರಡು ಕಂತು, ದೀಪಾವಳಿಯ ನಂತರ ಒಂದು, ಪತ್ತನಾಜೆಗೆ ಮೊದಲು ಇನ್ನೊಂದು. ಖಾಲಿಯಿದ್ದ ನಡುವಿನ ಕೋಣೆಗೆ ಕಡಬದ ಕಡೆಯ ಹೆಣ್ಣುಮಗಳೊಬ್ಬಳು ಬಂದಿದ್ದಾಳೆ. ಶಾಲಾ ವಾರ್ಷಿಕೋತ್ಸವಗಳಿಗೆ ಯಕ್ಷಗಾನ, ಭರತನಾಟ್ಯದ ಉಡುಪುಗಳನ್ನು ಹೊಲಿಯುತ್ತಾಳೆ. ಹಳೆಯ ದರ್ಜಿಯವರು ತಮ್ಮ ಯಂತ್ರವನ್ನು ಅವಳಿಗೇ ಕೊಟ್ಟರು. ಆಗಾಗ ಬಂದು ಜಗಲಿಯಲ್ಲಿ ಕುಳಿತು, ಕಣ್ಣು ಕಾಣದಿದ್ದರೂ ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿ ತಪ್ಪು ಹೇಳುತ್ತಾರಂತೆ.

ಇದರಿಂದ ಪುತ್ತೂರು ಪೇಟೆ ಉದ್ಧಾರವಾಯಿತೆಂದು ನಾನು ಹೇಳುತ್ತಿಲ್ಲ. ಮೂರು ವರ್ಷಗಳ ಬಳಿಕ ತಮ್ಮ ಮತ್ತೆ ಕರೆ ಮಾಡುತ್ತಾನೆ, ಆಗ ಬೆಲೆ ಇನ್ನೂ ಏರಿರುತ್ತದೆ. ರಟ್ಟು ಕಟ್ಟುವವರ ಬಳಿ ಕಲಿಯಲು ಇದುವರೆಗೆ ಯಾರೂ ಬಂದಿಲ್ಲ. ಬಾರಕೂರಿನ ಟಿಪ್ಪಣಿಯನ್ನು ನಾನು ಪೂರ್ತಿ ಮಾಡಿದ್ದೇನೆ. ಹಸ್ತಪ್ರತಿಯನ್ನು ಅವರಿಗೇ ಹೊಲಿಯಲು ಕೊಟ್ಟಿದ್ದೇನೆ. "ಅವಸರ ಉಂಟಾ ಮಾಸ್ಟ್ರೇ?" ಎಂದು ಕೇಳಿದರು. ಇಲ್ಲ ಎಂದೆ. ಮುಂದಿನ ಸೋಮವಾರ ಸಂತೆಗೆ ಬಂದಾಗ ತೆಗೆದುಕೊಂಡು ಹೋಗಿ ಎಂದರು.