ಕ್ಯಾರಿಯರ್ ಇಲ್ಲದ ಮಾರಿಸ್

ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಕಾರು ಅಂತ ಕಾರ್ಕಳದಲ್ಲಿ ಯಾರಿಗಾದರೂ ಹೇಳಿ ನೋಡಿ. ‘ಪಾಪ, ಇವರಿಗೂ ಪ್ರಾಯವಾಯಿತು’ ಎಂಬ ಕನಿಕರದಿಂದ ನಿಮ್ಮ ಮುಖ ನೋಡುತ್ತಾರೆ. ಬಸ್‌ಸ್ಟ್ಯಾಂಡಿನ ಹತ್ತಿರ ಸಾಲಾಗಿ ನಿಂತು, ಬಾನೆಟ್ಟಿನ ಮೇಲೆ ‘ಉದಯವಾಣಿ’ ಹಾಸಿಕೊಂಡು ಬಾಡಿಗೆಗೆ ಕಾಯುತ್ತಿದ್ದ ಕಾರು ಅದು ಹೇಗೆ ಪರದೇಶದ್ದಾಗುತ್ತದೆ? ಮದುಮಗಳನ್ನು ಹೊತ್ತದ್ದು ಅದು, ಬಾಣಂತಿಯನ್ನು ಮಣಿಪಾಲದಿಂದ ಮನೆಗೆ ತಂದದ್ದು ಅದು, ಕಂಬಳದ ಗದ್ದೆಗೆ ಗುತ್ತಿನ ಯಜಮಾನರನ್ನು ಇಳಿಸಿದ್ದೂ ಅದೇ. ಮಾರಿಸ್ ಆಕ್ಸ್‌ಫರ್ಡಿನ ಮೂರನೇ ಸರಣಿ 1956ರಲ್ಲಿ ಆಕ್ಸ್‌ಫರ್ಡ್ ಪಕ್ಕದ ಕೌಲಿ ಎಂಬ ಊರಲ್ಲಿ ಹುಟ್ಟಿ, ಮೂರು ವರ್ಷ ಕಳೆಯುವಷ್ಟರಲ್ಲಿ ಅಲ್ಲಿಯವರಿಗೆ ಬೇಡವಾಯಿತು. ಅದೇ ಗಾಡಿ ನಮ್ಮ ದೇಶದಲ್ಲಿ ಅಂಬಾಸಿಡರ್ ಎಂಬ ಹೆಸರಿನಲ್ಲಿ 2014ರವರೆಗೆ ಬಂಗಾಳದ ಉತ್ತರಪಾರದ ಕಾರ್ಖಾನೆಯಿಂದ ಇಳಿಯುತ್ತಲೇ ಇತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮನೆಯಲ್ಲಿ ಕೂತವರನ್ನು ಯಾರೂ ನೆಂಟರು ಎನ್ನುವುದಿಲ್ಲ.

ನಾನು ಕೂಡಿಹಾಕುವುದು ಈ ಕಾರುಗಳನ್ನಲ್ಲ, ಇವುಗಳ ಆಟಿಕೆಗಳನ್ನು. ಸತುವಿನ ಮಿಶ್ರಲೋಹ ಕರಗಿಸಿ ಅಚ್ಚಿಗೆ ಒತ್ತಿ ಮಾಡಿದ, ಅಂಗೈಯೊಳಗೆ ಅಡಗುವ ಬ್ರಿಟಿಷ್ ಸಂಸಾರಸ್ಥರ ಕಾರುಗಳು: ಮಾರಿಸ್, ಆಸ್ಟಿನ್, ಹಿಲ್‌ಮನ್, ಸ್ಟಾಂಡರ್ಡ್. ‘ನಿಜದ ಹಳೇ ಕಾರುಗಳೇ ಧರ್ಮಸ್ಥಳದ ಮಂಜೂಷಾದಲ್ಲಿ ಉಂಟಲ್ಲ, ಹೋಗಿ ನೋಡಿ ಬರುವ. ಅಲ್ಲಿ ಧೂಳು ಒರೆಸುವ ಕೆಲಸ ನಮಗಿಲ್ಲ’ ಎಂಬುದು ನನ್ನ ಹೆಂಡತಿಯ ವಾದ. ವಾದದಲ್ಲಿ ಹುರುಳಿದೆ. ಹೆಗ್ಗಡೆಯವರ ಸಂಗ್ರಹದ ಮುಂದೆ ನನ್ನದು ಕಪಾಟಿನ ಎರಡು ತಟ್ಟು. ಆದರೆ ಅಲ್ಲಿಯ ಕಾರುಗಳನ್ನು ಕೈಗೆತ್ತಿಕೊಂಡು ತಲೆಕೆಳಗು ಮಾಡಿ ನೋಡಲಿಕ್ಕಾಗುವುದಿಲ್ಲ.

ತಲೆಕೆಳಗು ಮಾಡಿದಾಗಲೇ ಇವುಗಳ ಕುಲಗೋತ್ರ ತಿಳಿಯುವುದು. ಅಡಿಯ ತಗಡಿನಲ್ಲಿ ಡಿಂಕಿ ಎಂದಿದ್ದರೆ ಅದು ಲಿವರ್‌ಪೂಲಿನ ಮೆಕ್ಯಾನೊ ಕಂಪನಿಯದು. ಕಾರ್ಗಿ ಎಂದಿದ್ದರೆ ವೇಲ್ಸಿನ ಸ್ವಾನ್ಸಿಯದು. ಡಿಂಕಿಯವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಏಕಚಕ್ರಾಧಿಪತ್ಯ ನಡೆಸಿದ ಮೇಲೆ, 1956ರಲ್ಲಿ ಕಾರ್ಗಿಯವರು ಬಂದು ತಮ್ಮ ಆಟಿಕೆಗಳಿಗೆ ಪ್ಲಾಸ್ಟಿಕ್ಕಿನ ಪಾರದರ್ಶಕ ಕಿಟಕಿ ಕೂರಿಸಿದರು, ‘ಕಿಟಕಿ ಇರುವುದು ನಮ್ಮದಕ್ಕೆ’ ಎಂದೇ ಜಾಹೀರಾತು ಹೊಡೆದರು. ಅಲ್ಲಿವರೆಗೆ ಆಟಿಕೆ ಕಾರಿನ ಕಿಟಕಿ ಎಂದರೆ ಬರೀ ತೂತು. ನಮ್ಮ ಕಡೆಯ ಟ್ಯಾಕ್ಸಿಯ ಹಿಂದಿನ ಬಾಗಿಲಿನ ಗಾಜು ನೆನೆದರೆ ಡಿಂಕಿಯೇ ವಾಸ್ತವಕ್ಕೆ ಹತ್ತಿರ. ಆ ಗಾಜು ಒಮ್ಮೆ ಇಳಿಯಿತೆಂದರೆ ಮತ್ತೆ ಮೇಲೆ ಬರುತ್ತಿರಲಿಲ್ಲ. ಸುತ್ತುವ ಹಿಡಿಕೆ ಡ್ರೈವರನ ಡ್ಯಾಶ್‌ಬೋರ್ಡಿನೊಳಗೆ ಇರುತ್ತಿತ್ತು, ಮಳೆ ಜೋರಾದಾಗ ಕೈಯಿಂದ ಕೈಗೆ ದಾಟಿ ಬರುತ್ತಿತ್ತು.

ಕಾರ್ಗಿಯ ಮೊದಲ ವರ್ಷದ ಸಾಲಿನಲ್ಲೇ 202ನೇ ನಂಬರಿನದು ಮಾರಿಸ್ ಕೌಲಿ. ಆಕ್ಸ್‌ಫರ್ಡಿನ ಎರಡನೇ ಸರಣಿಯದೇ ದೇಹ, ಸ್ವಲ್ಪ ಬಡ ಎಂಜಿನ್. ಆ ಎರಡನೇ ಸರಣಿ ನಮ್ಮಲ್ಲಿ ಲ್ಯಾಂಡ್‌ಮಾಸ್ಟರ್ ಆಗಿ ಓಡಿತು, ಅಂಬಾಸಿಡರಿಗಿಂತ ಮುಂಚೆ. ಹಾಗಾಗಿ ನನ್ನ ಕಪಾಟಿನಲ್ಲಿ ಇದಕ್ಕೇ ಅಗ್ರಪೂಜೆ. ಬೊಂಬಾಯಿಯಲ್ಲಿ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಮಾವ ಚೋರ್ ಬಜಾರಿನಿಂದ ಹುಡುಕಿ ತಂದದ್ದು. ಬಣ್ಣ ಹಸಿರು, ಮುಂದಿನ ಮಡ್‌ಗಾರ್ಡಿನಲ್ಲಿ ಬಣ್ಣ ಎದ್ದು ಬೂದು ಲೋಹ ಕಾಣುತ್ತದೆ. ಹಿಂದೆ ಒಂದು ಪುಟ್ಟ ಹಲ್ಲಿನ ಗುರುತು ಇದೆ. ಇಂಗ್ಲೆಂಡಿನ ಹಲ್ಲೋ ಬೊಂಬಾಯಿಯ ಹಲ್ಲೋ, ದೇವರೇ ಬಲ್ಲ.

ಇದರ ಪೆಟ್ಟಿಗೆಯೂ ಇತ್ತು, ನೀಲಿ ರಟ್ಟಿನದು. ಸಂಗ್ರಾಹಕರ ಲೋಕದಲ್ಲಿ ಕಾರಿಗಿಂತ ಪೆಟ್ಟಿಗೆಗೆ ಮರ್ಯಾದೆ ಹೆಚ್ಚು. ಒಳಗಿನ ಕಾರನ್ನು ಯಾವ ಮಗುವೂ ಮುಟ್ಟಿರಬಾರದು, ರಟ್ಟು ಮಾಸಿರಬಾರದು. ಇದನ್ನು ಕಾರ್ಕಳದಲ್ಲಿ ಕೂತು ಸಾಧಿಸಲಿಕ್ಕೆ ಹೊರಟರೆ, ವರ್ಷಕ್ಕೆ 4000 ಮಿಲಿಮೀಟರ್ ದಾಟುವ ಮಳೆಯ ಜೊತೆ ಕುಸ್ತಿಗಿಳಿದ ಹಾಗೆ. ಆಟಿ ತಿಂಗಳಲ್ಲಿ ನಮ್ಮಲ್ಲಿ ಚಪ್ಪಲಿಗೆ ಬೂಷ್ಟು ಬರುತ್ತದೆ, ಮದುವೆ ಆಲ್ಬಮ್ಮಿಗೆ ಬರುತ್ತದೆ, ಕುತ್ತಿಗೆ ಬೆಲ್ಟಿಗೂ ಬರುತ್ತದೆ. ಪೆಟ್ಟಿಗೆಗೆ ಬೂಷ್ಟು ಬಾರದ ಹಾಗೆ ಕರ್ಪೂರ, ನುಸಿಗುಳಿಗೆ ಎಲ್ಲ ಇಟ್ಟು ಗೆದ್ದೆವು ಅನ್ನುವಷ್ಟರಲ್ಲಿ ಒರಲೆ ಬಂದು ರಟ್ಟನ್ನು ತಿಂದು, ಅಷ್ಟೇ ಆಕಾರದ ಮಣ್ಣಿನ ಪೆಟ್ಟಿಗೆಯೊಂದನ್ನು ಕಟ್ಟಿಟ್ಟು ಹೋಯಿತು. ಅದನ್ನೇ ‘ಮೂಲ ಪೆಟ್ಟಿಗೆ, ಸ್ಥಳೀಯ ದುರಸ್ತಿಯೊಂದಿಗೆ’ ಎಂದು ಮಾರಬಹುದಿತ್ತು.

ಲೋಹಕ್ಕೂ ಒಂದು ರೋಗ ಉಂಟು. ಮಿಶ್ರಣದಲ್ಲಿ ಒಂಚೂರು ಸೀಸ ಬೆರೆತರೆ ಸಾಕು, ಸತು ಒಳಗಿಂದಲೇ ಬಿರುಕು ಬಿಟ್ಟು ಪುಡಿಯಾಗುತ್ತದೆ. ಮಹಾಯುದ್ಧಕ್ಕೆ ಮುಂಚಿನ ಡಿಂಕಿಗಳಲ್ಲಿ ಇದು ಹೆಚ್ಚು. ಮದ್ದಿಲ್ಲ, ಸೆಕೆ-ತೇವದ ಊರಲ್ಲಿ ಬೇಗ ಉಲ್ಬಣಿಸುತ್ತದೆ. ಆ ಕಾಲದವು ನನ್ನಲ್ಲಿಲ್ಲ, ಬದುಕಿದೆ.

ನನ್ನಲ್ಲಿರುವ ಇನ್ನೊಂದು ಕುತೂಹಲದ ಗಾಡಿ ಸ್ಟಾಂಡರ್ಡ್ ಹೆರಾಲ್ಡ್. ಟ್ರಯಂಫ್ ಹೆರಾಲ್ಡನ್ನು ಮದರಾಸಿನಲ್ಲಿ 1961ರಿಂದ ಈ ಹೆಸರಲ್ಲಿ ಕಟ್ಟುತ್ತಿದ್ದರು. ಆಟಿಕೆಯ ಕಥೆಯೂ ಅದೇ ದಾರಿ ಹಿಡಿಯಿತು. ಡಿಂಕಿಯವರು ಬಳಸಿ ಬಿಟ್ಟ ಅಚ್ಚುಗಳು 1960ರ ದಶಕದ ಕೊನೆಗೆ ಕಲ್ಕತ್ತಕ್ಕೆ ಬಂದು, ‘ನಿಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಮರುಜನ್ಮ ಪಡೆದವು. ಸವೆದ ಅಚ್ಚು, ದಪ್ಪ ಬಣ್ಣ, ಅಲ್ಲಾಡುವ ಚಕ್ರ. ದೊಡ್ಡ ಮಾರಿಸ್ಸಿನ ಹಳೇ ವಿನ್ಯಾಸ ಹೂಗ್ಲಿ ನದಿಯ ದಂಡೆಯ ಉತ್ತರಪಾರಕ್ಕೆ ಬಂದಿತ್ತು, ಆಟಿಕೆಯ ಹಳೇ ಅಚ್ಚು ಅದೇ ನದಿಯ ಕೆಳಗಿನ ಊರಿಗೆ ಬಂತು. ಇಂಗ್ಲೆಂಡ್ ದೊಡ್ಡದನ್ನೂ ಚಿಕ್ಕದನ್ನೂ ಒಂದೇ ವಿಳಾಸಕ್ಕೆ ಕಳಿಸಿದ್ದು ನನಗೆ ಯಾವಾಗಲೂ ಸೋಜಿಗ. ಅಲ್ಲಿಯ ಆಟಿಕೆಯವರೂ ಬಾಳಲಿಲ್ಲ ಬಿಡಿ. ಡಿಂಕಿಯ ಕಾರ್ಖಾನೆ 1979ರಲ್ಲಿ ಬಾಗಿಲು ಹಾಕಿತು, ಕಾರ್ಗಿಯ ಮಾತೃಸಂಸ್ಥೆ 1983ರಲ್ಲಿ ದಿವಾಳಿಯಾಯಿತು.

ಈ ಮಾದರಿಗಳಲ್ಲಿ ಹೆಚ್ಚು ಚಾಲ್ತಿಯ ಅಳತೆ 43ಕ್ಕೆ ಒಂದು. ಒಂದು ಮಳೆಗಾಲದ ಸಂಜೆ ಕರೆಂಟು ಹೋದಾಗ ಲೆಕ್ಕ ಹಾಕಿದೆ: ನಮ್ಮ 42 ಅಡಿಯ ಗೊಮ್ಮಟನನ್ನು ಈ ಅಳತೆಗೆ ಇಳಿಸಿದರೆ ಶಾಲೆಯ ಅಡಿಕೋಲಿನಷ್ಟು ಎತ್ತರ. 1432ರಿಂದ ಬಂಡೆಯ ಮೇಲೆ ನಿಂತವನನ್ನು ನನ್ನ ಕಪಾಟಿನ ಮೇಲಿನ ತಟ್ಟಿನಲ್ಲಿ ನಿಲ್ಲಿಸಬಹುದು, ಕಾಲ ಬುಡದಲ್ಲಿ ಮಾರಿಸ್. ಕಾರ್ಕಳದಿಂದ ಹೊರಟ ಅತಿ ಭಾರದ ಬಾಡಿಗೆಯೂ ಬಾಹುಬಲಿಯೇ ಅಲ್ಲವೇ. ರೆಂಜಾಳ ಗೋಪಾಲ ಶೆಣೈಯವರು ಇಲ್ಲೇ ಕೆತ್ತಿದ 39 ಅಡಿಯ ಮೂರ್ತಿ 1973ರಲ್ಲಿ ರಸ್ತೆಯ ಮೇಲೇ ಧರ್ಮಸ್ಥಳಕ್ಕೆ ಹೋಯಿತು.

ಭಾರದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಈ ಆಟಿಕೆಗಳಲ್ಲಿ ಎಲ್ಲವೂ ಸರಿ ಇದೆ, ಹೇರು ಮಾತ್ರ ಇಲ್ಲ. ಗ್ರಿಲ್ಲಿನ ಗೆರೆ ಇದೆ, ಬಂಪರು ಇದೆ. ಆದರೆ ಸ್ವಾನ್ಸಿಯ ಅಚ್ಚುಗಾರನ ಕಣ್ಣಲ್ಲಿದ್ದದ್ದು ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಭಾನುವಾರದ ತಿರುಗಾಟ. ನಾನು ಕೂತ ಮಾರಿಸ್ಸಿನಲ್ಲಿ ಹನ್ನೊಂದು ಜನ. ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇದ್ದದ್ದರಿಂದ ಮುಂದಿನ ಸೀಟಿನಲ್ಲಿ ನಾಲ್ವರು, ಡ್ರೈವರನ ಅರ್ಧ ದೇಹ ಬಾಗಿಲಿನ ಆಚೆ. ಮೇಲೆ ಕ್ಯಾರಿಯರಿನಲ್ಲಿ ಹಲಸಿನಕಾಯಿ, ಟ್ರಂಕು, ಅಕ್ಕಿಮುಡಿ. ಆಗುಂಬೆ ಘಾಟಿಯ ಯಾವುದೋ ತಿರುವಿನಲ್ಲಿ ರೇಡಿಯೇಟರು ಹೊಗೆ ಕಾರುತ್ತಿತ್ತು, ಗಂಡಸರು ತೋಡಿನ ನೀರು ತರಲಿಕ್ಕೆ ಇಳಿಯುತ್ತಿದ್ದರು, ಅತ್ತೆಯಂದಿರು ಲಿಂಬೆಹುಳಿ ಮೂಸುತ್ತಾ ಕೂರುತ್ತಿದ್ದರು. ಇಷ್ಟನ್ನೂ 43ಕ್ಕೆ ಒಂದರಂತೆ ಮಾಡಿಕೊಡುವ ಕಂಪನಿ ಇದ್ದರೆ ಪೆಟ್ಟಿಗೆ ಇಲ್ಲದಿದ್ದರೂ ಕೇಳಿದಷ್ಟು ಕೊಟ್ಟೇನು.

ಹೋದ ಮಳೆಗಾಲದಲ್ಲಿ ಆ ಕಾಲದ ಡ್ರೈವರಣ್ಣ ಒಬ್ಬರು ಮನೆಗೆ ಬಂದಿದ್ದರು. ಪೆಟ್ರೋಲಿನ ಕಾಲದಿಂದ ಡೀಸೆಲಿನ ಕಾಲದವರೆಗೆ ಸ್ಟ್ಯಾಂಡಿನಲ್ಲಿ ಕಾದವರು. ಹಸಿರು ಮಾರಿಸ್ಸನ್ನು ಅವರ ಕೈಗಿಟ್ಟೆ. ಕನ್ನಡಕ ಹಣೆಗೇರಿಸಿ ತಿರುಗಿಸಿ ನೋಡಿದರು.

‘ಕ್ಯಾರಿಯರ್ ಎಲ್ಲುಂಟು ಮಾರಾಯ್ರೆ?’

‘ಇಲ್ಲ ಅಣ್ಣ. ಅಲ್ಲಿಯ ಗಾಡಿಗೆ ಇರಲಿಲ್ಲ.’

‘ಎಂಜಿನ್?’

ನನಗೆ ಹುಮ್ಮಸ್ಸು ಬಂತು. ‘ಇದಕ್ಕೆ ಉಂಟು. ಕಾರ್ಗಿಯವರು ಮೊದಮೊದಲು ಕೆಲವಕ್ಕೆ ಗಾಲಿ ಉಜ್ಜಿದರೆ ಓಡುವ ಮೋಟರು ಕೂರಿಸುತ್ತಿದ್ದರು. ಮಕ್ಕಳಿಗೆ ಅಷ್ಟು ಹಿಡಿಸಲಿಲ್ಲವಂತೆ, ಬೇಗ ನಿಲ್ಲಿಸಿಬಿಟ್ಟರು. ನೆಲಕ್ಕೆ ಉಜ್ಜಿ ನೋಡಿ.’

ಅವರು ಚಾವಡಿಯ ಸಿಮೆಂಟು ನೆಲದಲ್ಲಿ ಎರಡು ಸಲ ಉಜ್ಜಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಕೇಳಿದರು. ಗುರ್ರೆಂದು ತಿರುಗಿ ಸುಮ್ಮನಾಯಿತು.

‘ಪೆಟ್ರೋಲು’ ಎಂದರು, ಕಾರನ್ನು ನನಗೆ ವಾಪಸ್ ಕೊಡುತ್ತಾ. ‘ಬಾಡಿಗೆಗೆ ಬಿಟ್ಟರೆ ಗಿಟ್ಟುವುದಿಲ್ಲ.’